ಭೂತಾಳ ಪಾಂಡ್ಯ ಇದ್ದನೇ, ಬೊಮ್ಮ ಇದ್ದನೇ? ಹಳೆಯ ಕಾಲದವರ ಸಾಕ್ಷಿ ತೂಗುವ ಕ್ರಮ

ಮಂಗಳೂರಿನ ಕೊಡಿಯಾಲ್‌ಬೈಲಿನ ಸುತ್ತಮುತ್ತ ಬೆಳೆದವರಿಗೆ ಕೆಲವು ಹೆಸರುಗಳು ಹೊಸದಲ್ಲ. ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ. ಮತ್ಸ್ಯೇಂದ್ರನಾಥರು ಕದ್ರಿಗೆ ಬಂದರು. ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ. ಭೂತಾಳ ಪಾಂಡ್ಯ ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟು ಜಾರಿಗೆ ತಂದ. ಹೀಗೆಂದು ಹಿರಿಯರು ಹೇಳುತ್ತಾರೆ, ಯಕ್ಷಗಾನ ಹೇಳುತ್ತದೆ, ಈಗ ವಾಟ್ಸಾಪ್ ಕೂಡ ಹೇಳುತ್ತದೆ.

ಇವರೆಲ್ಲ ನಿಜವಾಗಿ ಇದ್ದರೇ? ಮಕ್ಕಳು ಶಾಲೆಯ ಪ್ರಾಜೆಕ್ಟ್ ಹಿಡಿದು ಬಂದು ಕೇಳಿದರೆ ಏನು ಹೇಳುತ್ತೀರಿ? "ಇದ್ದರು" ಎಂದರೆ ಪುರಾವೆ ಎಲ್ಲಿ ಎನ್ನುತ್ತಾರೆ. "ಇರಲಿಲ್ಲ" ಎಂದರೆ ಮನೆಯಲ್ಲಿ ಅಜ್ಜಿಗೆ ಬೇಸರ. ಇತಿಹಾಸಕಾರರು ಈ ಎರಡು ಉತ್ತರಗಳ ನಡುವೆ ಕೆಲಸ ಮಾಡುತ್ತಾರೆ. ಅವರ ಕ್ರಮ ಕಷ್ಟದ್ದಲ್ಲ. ಮನೆಯಲ್ಲೇ ಕೂತು ನೀವೂ ಮಾಡಬಹುದು.

ಒಂದು ಪ್ರಶ್ನೆಯನ್ನು ಮೂರು ಮಾಡಿ

"ಅವರು ಇದ್ದರೇ?" ಎಂದು ಕೇಳುವಾಗ ನಾವು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿ ಕೇಳಿರುತ್ತೇವೆ. ಮೊದಲು ಅವನ್ನು ಬಿಡಿಸಿಕೊಳ್ಳಿ.

ಒಂದು: ಆ ಹೆಸರಿನ ವ್ಯಕ್ತಿ ಇದ್ದರೇ?
ಎರಡು: ಯಾವ ಕಾಲದಲ್ಲಿದ್ದರು?
ಮೂರು: ಅವರು ಮಾಡಿದರೆಂದು ಹೇಳುವ ಕೆಲಸವನ್ನು ನಿಜಕ್ಕೂ ಮಾಡಿದರೇ?

ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ಮಯೂರನನ್ನೇ ನೋಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಒಂದು ಕಲ್ಲಿನ ಕಂಬವಿದೆ. ಸುಮಾರು 450ರ ಹೊತ್ತಿಗೆ, ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಅದರಲ್ಲಿ ಕದಂಬರ ಕಥೆ ಬರೆದ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ಅಲ್ಲಿದೆ. ಮಯೂರ ಇದ್ದದ್ದು 4ನೇ ಶತಮಾನದಲ್ಲಿ. ಎಂದರೆ ಸುಮಾರು ನೂರು ವರ್ಷದೊಳಗೆ ಅವನ ವಂಶದವರೇ ಬರೆಸಿದ ದಾಖಲೆ ಇದು. ಹೊಗಳಿಕೆ ಇದ್ದೇ ಇರುತ್ತದೆ. ಆದರೆ ವ್ಯಕ್ತಿ ಇದ್ದ ಎಂಬುದರಲ್ಲಿ ಅನುಮಾನವಿಲ್ಲ.

ಬ್ರಾಹ್ಮಣರನ್ನು ಕರಾವಳಿಗೆ ಕರೆತಂದ ಸಂಗತಿ ಮಾತ್ರ ತಾಳಗುಂದದ ಕಂಬದಲ್ಲಿಲ್ಲ. ಅದು ಬರುವುದು ಎಷ್ಟೋ ಶತಮಾನಗಳ ನಂತರದ ಗ್ರಾಮಪದ್ಧತಿ ಎಂಬ ಗ್ರಂಥದಲ್ಲಿ. ಸಾಲದ್ದಕ್ಕೆ ಮಯೂರವರ್ಮ ಎಂಬ ಹೆಸರು ಮುಂದೆ ಹಾನಗಲ್ಲಿನ ಕದಂಬರಲ್ಲೂ ಮರಳಿ ಬರುತ್ತದೆ. ಹಾಗಾಗಿ ಮೊದಲ ಪ್ರಶ್ನೆಗೆ "ಹೌದು", ಎರಡನೆಯದಕ್ಕೆ "ಸುಮಾರಾಗಿ ಗೊತ್ತು", ಮೂರನೆಯದಕ್ಕೆ "ಈ ಸಾಕ್ಷಿ ಸಾಲದು". ಇಷ್ಟು ಹೇಳಿದರೆ ಪ್ರಾಮಾಣಿಕ ಉತ್ತರವಾಯಿತು.

ಸಾಕ್ಷಿಗೆ ಕೇಳಬೇಕಾದ ನಾಲ್ಕು ಪ್ರಶ್ನೆ

ಜಾಗ ಕೊಳ್ಳುವಾಗ ನಾವು ಪಕ್ಕದ ಮನೆಯವರ ಮಾತು ಕೇಳಿಯೇ ಹಣ ಕೊಡುವುದಿಲ್ಲ. ಆರ್‌ಟಿಸಿ ನೋಡುತ್ತೇವೆ, ಹಿಂದಿನ ಕ್ರಯಪತ್ರ ತೆಗೆಸುತ್ತೇವೆ, ಸಹಿ ಯಾರದ್ದು ಎಂದು ಕೇಳುತ್ತೇವೆ. ಇಲ್ಲಿಯೂ ಹಾಗೆಯೇ.

ಮೊದಲ ಪ್ರಶ್ನೆ, ಇದು ಯಾವಾಗ ಬರೆದದ್ದು? ವ್ಯಕ್ತಿ ಬದುಕಿದ್ದಾಗಲೇ ಬರೆದದ್ದಾದರೆ ಸಮಕಾಲೀನ ಸಾಕ್ಷಿ. ನೂರು ವರ್ಷದ ಅಂತರ ತಡೆದುಕೊಳ್ಳಬಹುದು. ಐನೂರು ವರ್ಷವಾದರೆ ಜಾಗ್ರತೆ ಬೇಕು.

ಎರಡನೆಯದು, ಯಾರು ಬರೆದರು, ಯಾರಿಗೆ ಬೇಕಾಗಿ? ಆಸ್ಥಾನ ಕವಿ ದೊರೆಯನ್ನು ಹೊಗಳುತ್ತಾನೆ. ಶಿಷ್ಯ ಗುರುವನ್ನು ಹೊಗಳುತ್ತಾನೆ. ಲೆಕ್ಕ ಬರೆಯುವ ವ್ಯಾಪಾರಿಗೆ ಹೊಗಳುವ ಗರಜು ಕಡಿಮೆ.

ಮೂರನೆಯದು, ಸಂಬಂಧವಿಲ್ಲದ ಇನ್ನೊಬ್ಬರು ಇದನ್ನೇ ಹೇಳಿದ್ದಾರೆಯೇ? ಒಂದೇ ಪುಸ್ತಕವನ್ನು ನೋಡಿ ಬರೆದ ಹತ್ತು ಪುಸ್ತಕಗಳು ಹತ್ತು ಸಾಕ್ಷಿಯಲ್ಲ, ಒಂದೇ.

ನಾಲ್ಕನೆಯದು, ನಮ್ಮ ಕೈಗೆ ಬಂದಿರುವ ಪ್ರತಿ ಯಾವುದು? ಕಲ್ಲಿನಲ್ಲಿ ಕೆತ್ತಿದ್ದು ಬದಲಾಗುವುದು ಕಷ್ಟ. ತಾಳೆಗರಿಯನ್ನು ನೂರಿನ್ನೂರು ವರ್ಷಕ್ಕೊಮ್ಮೆ ಹೊಸದಾಗಿ ಪ್ರತಿ ಮಾಡಬೇಕಿತ್ತು. ಪ್ರತಿ ಮಾಡುವಾಗ ಸಾಲು ಬಿಟ್ಟುಹೋಗಬಹುದು, ಸೇರಲೂಬಹುದು.

ಕದ್ರಿಯಲ್ಲಿ ಅಭ್ಯಾಸ ಮಾಡಿ

ಈ ನಾಲ್ಕು ಪ್ರಶ್ನೆಗಳನ್ನು ಹಿಡಿದು ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಿ. ಕೊಡಿಯಾಲ್‌ಬೈಲಿನಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿ ಮೂರು ಮುಖ, ಆರು ಕೈಗಳ, ಕುಳಿತ ಭಂಗಿಯ ಕಂಚಿನ ಲೋಕೇಶ್ವರ ಮೂರ್ತಿಯಿದೆ. ಎಲ್ಲರೂ ಮುಖ ನೋಡುತ್ತಾರೆ. ನೀವು ಪೀಠ ನೋಡಿ. ಅಲ್ಲಿ ಸಂಸ್ಕೃತದ ಬರಹವಿದೆ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದ ಎಂದು ಅದರ ತಾತ್ಪರ್ಯ. ಕಾಲ ಕಲಿವರ್ಷ 4068.

ಇದನ್ನು ನಮ್ಮ ಕ್ಯಾಲೆಂಡರಿಗೆ ತರುವುದು ಸುಲಭ. ಕಲಿವರ್ಷದಿಂದ 3101 ಕಳೆಯಿರಿ. 967 ಬರುತ್ತದೆ. ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ ಒಂದು ಸೇರಿಸಬೇಕು. ಈ ಶಾಸನದ ತಿಥಿ ಜನವರಿಯಲ್ಲಿ ಬೀಳುತ್ತದೆ, ಆದ್ದರಿಂದ 968. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿವರೆಗಿನದಾದರೆ 79.

ಈಗ ನಾಲ್ಕು ಪ್ರಶ್ನೆ ಕೇಳಿ. ಬರೆದದ್ದು ಯಾವಾಗ? ದೊರೆ ಬದುಕಿದ್ದಾಗಲೇ. ಯಾರು ಬರೆಸಿದರು? ಅವನೇ. ಬೇರೆ ಸಾಕ್ಷಿ ಇದೆಯೇ? ಆಳುಪ ವಂಶದ ಹೆಸರು 634ರ ಐಹೊಳೆ ಶಾಸನದಲ್ಲಿದೆ, ಕರಾವಳಿಯ ಹತ್ತಾರು ಕಲ್ಲುಗಳಲ್ಲೂ ಇದೆ. ಪ್ರತಿ ಯಾವುದು? ಮೂಲವೇ ಕಣ್ಣೆದುರಿಗಿದೆ. ಹೊಗಳಿಕೆಯ ವಿಶೇಷಣಗಳನ್ನು ಬದಿಗಿಟ್ಟರೂ ಕುಂದವರ್ಮ ಇದ್ದ, ಈ ಮೂರ್ತಿ ಮಾಡಿಸಿದ ಎಂಬುದು ಗಟ್ಟಿ.

ಶಾಸನ ಏನು ಹೇಳುವುದಿಲ್ಲ ಎಂಬುದೂ ಮುಖ್ಯ. ಮತ್ಸ್ಯೇಂದ್ರನಾಥರು ಕದ್ರಿಗೆ ಬಂದರೇ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಅವರಿಗೆ ಬೇರೆ ಸಾಕ್ಷಿ ಹುಡುಕಬೇಕು. ಸುಮಾರು 1000ದ ಹೊತ್ತಿಗೆ ಕಾಶ್ಮೀರದ ಅಭಿನವಗುಪ್ತ ತನ್ನ ತಂತ್ರಾಲೋಕದಲ್ಲಿ ಮಚ್ಛಂದ ಎಂಬ ಗುರುವಿಗೆ ನಮಸ್ಕಾರ ಹೇಳುತ್ತಾನೆ. ಇದು ಮತ್ಸ್ಯೇಂದ್ರರೇ ಎಂದು ವಿದ್ವಾಂಸರು ಹೇಳುತ್ತಾರೆ. ಎಂದರೆ ಅಷ್ಟು ಹೊತ್ತಿಗೆ ಆ ಹೆಸರು ಕಾಶ್ಮೀರದವರೆಗೆ ಹರಡಿತ್ತು. ವ್ಯಕ್ತಿ ಅದಕ್ಕಿಂತ ಈಚಿನವರಲ್ಲ. ಕದ್ರಿಯ ನಂಟಿಗೆ ಮಾತ್ರ ಸಂಪ್ರದಾಯವೇ ಆಧಾರ. ಜೋಗಿಮಠ, ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕದಿಂದ ಬರುವ ನಾಥ ಸಾಧುಗಳ ಝುಂಡಿ, ಇವೆಲ್ಲ ಆ ಸಂಪ್ರದಾಯ ಎಷ್ಟು ಜೀವಂತ ಎಂದು ತೋರಿಸುತ್ತವೆ. ಬಂದ ವರ್ಷವನ್ನು ತೋರಿಸುವುದಿಲ್ಲ.

ದೊರೆಗಿಂತ ಆಳಿನ ಸಾಕ್ಷಿ ಗಟ್ಟಿ

ಹೆಸರು ದೊಡ್ಡದಾದರೆ ಸಾಕ್ಷಿಯೂ ದೊಡ್ಡದಿರುತ್ತದೆ ಎಂದು ನಾವು ತಿಳಿದುಕೊಂಡಿರುತ್ತೇವೆ. ಅದು ತಪ್ಪು. ಮಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ.

12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಊರು ಈಗಿನ ಟ್ಯುನೀಶಿಯ. ಹಿತ್ತಾಳೆ ಪಾತ್ರೆಗಳನ್ನು ಮಾಡಿಸುತ್ತಿದ್ದ, ಮೆಣಸು, ಅಡಿಕೆ ಕಳಿಸುತ್ತಿದ್ದ. ಏಡನ್ನಿನ ವ್ಯಾಪಾರಿಗಳು ಅವನಿಗೆ ಬರೆದ ಕಾಗದಗಳು ಕೊನೆಗೆ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಗೆನೀಜಾ ಸೇರಿದವು. ಗೆನೀಜಾ ಎಂದರೆ ಹಳೆಯ ಬರಹಗಳನ್ನು ಎಸೆಯದೆ ತುಂಬಿಡುವ ಕೋಣೆ. 19ನೇ ಶತಮಾನದ ಕೊನೆಗೆ ಆ ರಾಶಿಯ ದೊಡ್ಡ ಪಾಲು ಕೇಂಬ್ರಿಜ್‌ಗೆ ಹೋಯಿತು.

ಆ ಕಾಗದಗಳಲ್ಲಿ ಬೆನ್ ಯಿಜುವಿನ ಒಬ್ಬ ಆಳು ಬರುತ್ತಾನೆ. ಯಜಮಾನನ ಪರವಾಗಿ ಏಡನ್‌ಗೆ ಹೋಗುತ್ತಾನೆ, ಸರಕು ತರುತ್ತಾನೆ. ಕಾಗದ ಬರೆದವರು ಅವನಿಗೂ ನಮಸ್ಕಾರ ತಿಳಿಸುತ್ತಾರೆ. ಹೀಬ್ರೂ ಲಿಪಿಯಲ್ಲಿ ಸ್ವರ ಬರೆಯದ ಕಾರಣ ಹೆಸರನ್ನು ಓದುವುದು ಸುಲಭವಿರಲಿಲ್ಲ. ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು, ಬಿ.ಎ. ವಿವೇಕ ರೈಯವರ ಸಹಾಯದಿಂದ, ಅದನ್ನು ಬೊಮ್ಮ ಎಂದು ಓದಿದರು. ಬೆನ್ ಯಿಜು 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಸಿಕ್ಕಿದೆ.

ಇಲ್ಲಿ ಯಾರೂ ಯಾರನ್ನೂ ದೇವರು ಮಾಡಲು ಹೊರಟಿಲ್ಲ. ಬರೆದದ್ದು ಲೆಕ್ಕ, ಸರಕು, ಬೈಗುಳ. ಬರೆದವರು ಬೊಮ್ಮನನ್ನು ಕಣ್ಣಾರೆ ಕಂಡವರು. ಮೂಲ ಕಾಗದವೇ ಉಳಿದಿದೆ. ನಾಲ್ಕು ಪ್ರಶ್ನೆಗೂ ಉತ್ತರ ಚೆನ್ನಾಗಿದೆ.

ಈಗ ಭೂತಾಳ ಪಾಂಡ್ಯನನ್ನು ಇದೇ ತಕ್ಕಡಿಗೆ ಹಾಕಿ. ಕಥೆ ನಿಮಗೆ ಗೊತ್ತು. ಹಡಗು ಕಡಲಿಗಿಳಿಯಲು ಕುಂಡೋದರ ಭೂತ ಬಲಿ ಕೇಳಿತು. ಮಡದಿ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ಕೊಟ್ಟಳು. ಹಾಗಾಗಿ ಆಸ್ತಿ ಅಳಿಯನಿಗೆ. ಅಳಿಯಕಟ್ಟಿನ ಪಠ್ಯ ಇವನನ್ನು ಕ್ರಿಸ್ತಶಕದ ಮೊದಲ ಶತಮಾನಕ್ಕೆ ಕೊಂಡೊಯ್ಯುತ್ತದೆ. ಆದರೆ ಕರಾವಳಿಯಲ್ಲಿ ಸಿಕ್ಕ ತೀರ ಹಳೆಯ ಶಾಸನಗಳಲ್ಲಿ ಒಂದು ವಡ್ಡರ್ಸೆಯದ್ದು, ಅದೂ 7ನೇ ಶತಮಾನದ್ದು. ಮೊದಲ ಶತಮಾನದ ಬರಹ ಒಂದೂ ಇಲ್ಲ. ಅಳಿಯಕಟ್ಟಿನ ಪಠ್ಯದ ಭಾಷೆ ಬಹಳ ಈಚಿನದು. ಅದಕ್ಕೆ ಮಹತ್ವ ಬಂದದ್ದೇ 19ನೇ ಶತಮಾನದಲ್ಲಿ, ಆಸ್ತಿ ವ್ಯಾಜ್ಯಗಳು ಕೋರ್ಟಿಗೆ ಹೋದಾಗ. ಎರಡನೆಯ ಪ್ರಶ್ನೆ ನೆನಪಿದೆಯಲ್ಲ? ಯಾರಿಗೆ ಬೇಕಾಗಿ ಬರೆದದ್ದು? ಹಲವು ವಿದ್ವಾಂಸರು ಈ ಪಠ್ಯವನ್ನು ನಂಬದಿರಲು ಇವೇ ಕಾರಣ.

ಹಾಗಾದರೆ ಅಳಿಯನಿಗೆ ಆಸ್ತಿ ಹೋಗುವ ಅಳಿಯಸಂತಾನ ಪದ್ಧತಿಯೇ ಸುಳ್ಳೇ? ಅಲ್ಲ. 14ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದ ಇಬ್ನ್ ಬತೂತ, ಮಲಬಾರಿನ ದೊರೆಗಳಲ್ಲಿ ಪಟ್ಟ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ ಎಂದು ಬರೆದಿದ್ದಾನೆ. ಮಂಗಳೂರನ್ನು ಮಂಜರೂರ್ ಎಂದು ಕರೆದು, ಇಲ್ಲಿನ ದೊರೆ ರಾಮದೇವ ಎಂದೂ ಬರೆದಿದ್ದಾನೆ. ಪದ್ಧತಿ ಹಳೆಯದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯವರೆಗೂ ಅದು ಬಂತು. ಅದನ್ನು ಒಬ್ಬ ದೊರೆ ಒಂದು ದಿನ ಜಾರಿಗೆ ತಂದ ಎಂಬುದಕ್ಕೆ ಮಾತ್ರ ಸಾಕ್ಷಿ ಸಾಲದು.

ನಿಮಗೆ ಬರಬಹುದಾದ ಸಂದೇಹಗಳು

ಪವಾಡ ಇದ್ದರೆ ಪುಸ್ತಕವೇ ಸುಳ್ಳಲ್ಲವೇ? ಹಾಗಲ್ಲ. ಮಧ್ವಾಚಾರ್ಯರ ಜೀವನ ಹೇಳುವ ಸುಮಧ್ವವಿಜಯದಲ್ಲಿ ಪವಾಡಗಳಿವೆ. ಆದರೆ ಅದನ್ನು ಬರೆದ ನಾರಾಯಣ ಪಂಡಿತಾಚಾರ್ಯರು ಮಧ್ವರ ನೇರ ಶಿಷ್ಯರಾದ ತ್ರಿವಿಕ್ರಮ ಪಂಡಿತರ ಮಗ. ಕಾಲ ಹತ್ತಿರದ್ದು. ಜೊತೆಗೆ ಆಂಧ್ರದ ಶ್ರೀಕೂರ್ಮದಲ್ಲಿ 1281ರ ಶಾಸನವಿದೆ. ಮಧ್ವರ ಶಿಷ್ಯ ನರಹರಿ ತೀರ್ಥರು ಅಲ್ಲಿ ಗುರು ಆನಂದತೀರ್ಥರನ್ನು, ಅಂದರೆ ಮಧ್ವರನ್ನು, ಹೊಗಳಿದ್ದಾರೆ. ಉಡುಪಿಯ ಸಂಪ್ರದಾಯ ಒಂದು ಕಡೆ, ನೂರಾರು ಮೈಲಿ ದೂರದ ಕಲ್ಲು ಇನ್ನೊಂದು ಕಡೆ. ಮಧ್ವರು ಇದ್ದರೇ ಎಂಬುದಕ್ಕೆ ಇನ್ನು ಪ್ರಶ್ನೆಯೇ ಇಲ್ಲ. ಪ್ರಶ್ನೆ ಇರುವುದು ಅವರು ಹುಟ್ಟಿದ ವರ್ಷಕ್ಕೆ. ಮಧ್ವರೇ ಬರೆದ ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಬರುವ ಕಲಿ 4300 ಎಂಬ ಲೆಕ್ಕ ಹಿಡಿದರೆ 1199. ಶಾಸನಗಳನ್ನೂ ಮಠದ ಸಂವತ್ಸರ ಪಟ್ಟಿಯನ್ನೂ ಸೇರಿಸಿ ನೋಡಿದ ಹಲವರು ಹೇಳುವುದು 1238.

ಸಾಕ್ಷಿ ಸಿಗದಿದ್ದರೆ ವ್ಯಕ್ತಿ ಇರಲಿಲ್ಲ ಎಂದೇ? ಅವಸರ ಬೇಡ. ಬಸವಣ್ಣನವರ ವಿಷಯದಲ್ಲಿ ಹೀಗೇ ಆಯಿತು. ಅವರ ಕಾಲದ ದೊರೆ ಬಿಜ್ಜಳನ ಶಾಸನಗಳಲ್ಲಿ ಅವರ ಹೆಸರು ಸ್ಪಷ್ಟವಾಗಿ ಕಾಣದೆ ಕೆಲವರು ಅನುಮಾನಪಟ್ಟರು. ಆಮೇಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂತು. ಅದರಲ್ಲಿ ಸಂಗನ ಬಸವನ ಹೆಸರಿದೆ. ಅಶೋಕನ ಕಥೆಯೂ ಇಂಥದ್ದೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಸಿಕ್ಕಿದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು. ಆತ ಅಶೋಕನೇ ಎಂದು ಸಿಂಹಳದ ಗ್ರಂಥಗಳಿಂದ ಊಹಿಸಿದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ ಸಿಕ್ಕ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಊಹೆ ಗಟ್ಟಿಯಾಯಿತು.

ಕಾರ್ಬನ್ ಡೇಟಿಂಗ್ ಮಾಡಿದರೆ ಗೊತ್ತಾಗುವುದಿಲ್ಲವೇ? ಕಾರ್ಬನ್ ಡೇಟಿಂಗ್ ಎಂದರೆ ಜೀವ ಇದ್ದ ವಸ್ತುವಿನ ವಯಸ್ಸು ಅಳೆಯುವ ವಿಧಾನ. ಮರ, ಎಲುಬು, ಇದ್ದಿಲಿಗೆ ಅದು ನಡೆಯುತ್ತದೆ. ಕಲ್ಲಿನ ಕೆತ್ತನೆಗೆ, ಕಂಚಿಗೆ ನಡೆಯುವುದಿಲ್ಲ. ತೇದಿ ಇಲ್ಲದ ಶಾಸನದ ಕಾಲವನ್ನು ಅಕ್ಷರದ ಆಕಾರ, ಭಾಷೆಯ ರೂಪ ನೋಡಿ ಅಂದಾಜು ಮಾಡುತ್ತಾರೆ. ಅದಕ್ಕೇ "ಸುಮಾರು" ಎಂಬ ಮಾತು ಅಷ್ಟು ಸಲ ಬರುವುದು.

ಶಾಸನ ಎಂದರೆ ನಂಬಬಹುದಲ್ಲವೇ? ಎಲ್ಲವನ್ನೂ ಅಲ್ಲ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನ, ಅಂದರೆ ನಂತರದವರು ಹಳೆಯ ತೇದಿ ಹಾಕಿ ಮಾಡಿಸಿದ ನಕಲಿ. ಭೂಮಿಯ ಹಕ್ಕು ಸಾಧಿಸಲು ಹೀಗೆ ಮಾಡುತ್ತಿದ್ದರು. ಲಿಪಿ ಆ ತೇದಿಯದ್ದಾಗಿರುವುದಿಲ್ಲ, ಅಲ್ಲಿ ಸಿಕ್ಕಿಬೀಳುತ್ತದೆ.

ಪಾಡ್ದನ ಎಂಬ ತುಳು ಹಾಡುಗಳಿಗೆ, ಬಾಯಿಮಾತಿಗೆ ಬೆಲೆಯಿಲ್ಲವೇ? ಇದೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಡುಮಲೆ, ಪಂಜ, ಎಣ್ಮೂರು ಬರುತ್ತವೆ. ಊರುಗಳೆಲ್ಲ ನಿಜ. ಊರು ನಿಜವೆಂದು ಪ್ರತಿಯೊಂದು ಘಟನೆ ಸಾಬೀತಾಗುವುದಿಲ್ಲ. ಆದರೆ ಅರಮನೆಯ ಕವಿ ಬರೆಯದೆ ಬಿಟ್ಟವರ ನೆನಪು ಉಳಿದಿರುವುದು ಹೆಚ್ಚಾಗಿ ಪಾಡ್ದನದಲ್ಲೇ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲೇ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಇಂದು ಕೇಳುವ ಪಾಠವನ್ನು ಅದರ ಜೊತೆ ಇಟ್ಟು ನೋಡಿ. ಏನು ಉಳಿದಿದೆ, ಏನು ಸೇರಿದೆ ಎಂದು ತಿಳಿಯುತ್ತದೆ.

ಬೇರೆ ಧರ್ಮದವರಿಗೂ ಇದೇ ಅಳತೆಯೇ? ಹೌದು, ಇಲ್ಲದಿದ್ದರೆ ಅದು ಅಳತೆಯಲ್ಲ. ಯೇಸುವಿನ ಬಗ್ಗೆ ಪೌಲನ ಪತ್ರಗಳು ಅವರು ತೀರಿಹೋದ ಸುಮಾರು ಇಪ್ಪತ್ತು ವರ್ಷದ ನಂತರದವು. ಕ್ರೈಸ್ತರಲ್ಲದ ಜೋಸಿಫಸ್ ಸುಮಾರು 93ರಲ್ಲಿ, ಟ್ಯಾಸಿಟಸ್ ಸುಮಾರು 116ರಲ್ಲಿ ಬರೆದರು. ಯೇಸು ಇದ್ದರು ಎಂದು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಅದೇ ಇತಿಹಾಸಕಾರರೇ ಜೋಸಿಫಸನ ಒಂದು ಭಾಗದಲ್ಲಿ ನಂತರದ ಲಿಪಿಕಾರರು ಸಾಲು ಸೇರಿಸಿದ್ದಾರೆ ಎಂದೂ ಹೇಳುತ್ತಾರೆ. ಶಿಲುಬೆಯ ಶಿಕ್ಷೆ ಕೊಟ್ಟ ಪಿಲಾತನ ಹೆಸರಿನ ಕಲ್ಲು 1961ರಲ್ಲಿ ಸಿಸೇರಿಯದಲ್ಲಿ ಸಿಕ್ಕಿತು. ಬುದ್ಧನ ಲುಂಬಿನಿಯನ್ನು ಗುರುತಿಸುವ ಅಶೋಕನ ಕಂಬ, ಬುದ್ಧ ಕಾಲವಾಗಿ ಒಂದು ಶತಮಾನಕ್ಕೂ ಹೆಚ್ಚು ಕಳೆದ ಮೇಲಿನದು.

ಹಾಗಾದರೆ ಪರಶುರಾಮ? ಅಲ್ಲಿ ಈ ತಕ್ಕಡಿ ಉಪಯೋಗಕ್ಕೆ ಬರುವುದಿಲ್ಲ. ತೇದಿಯಿಲ್ಲ, ಸಮಕಾಲೀನ ಬರಹವಿಲ್ಲ, ಕಥೆಯೇ ಆ ಬಗೆಯದ್ದಲ್ಲ. "ಇತಿಹಾಸದ ಕ್ರಮದಲ್ಲಿ ಹೇಳಲಾಗದು" ಎಂದು ಬರೆದು ಮುಂದೆ ಹೋಗಿ. ಭಕ್ತಿಗೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಉತ್ತರವನ್ನು ಬರೆಯುವುದು ಹೇಗೆ

"ಇದ್ದರು, ಇರಲಿಲ್ಲ" ಎಂಬ ಎರಡೇ ಮನೆ ಬೇಡ, ನಾಲ್ಕು ಮನೆ ಹಾಕಿ. ಖಚಿತ, ಬಹುಮಟ್ಟಿಗೆ ಖಚಿತ, ಇದ್ದಿರಬಹುದು, ಹೇಳಲಾಗದು. ಪ್ರತಿ ಹೆಸರಿಗೂ ಮೂರು ಪ್ರಶ್ನೆಗೆ ಮೂರು ಗುರುತು. ಕುಂದವರ್ಮ, ಬೊಮ್ಮ, ಮಧ್ವರು ಮೊದಲ ಪ್ರಶ್ನೆಗೆ "ಖಚಿತ"ದ ಮನೆಯಲ್ಲಿ. ಮತ್ಸ್ಯೇಂದ್ರರು "ಬಹುಮಟ್ಟಿಗೆ ಖಚಿತ", ಕದ್ರಿಗೆ ಬಂದದ್ದು "ಇದ್ದಿರಬಹುದು". ಭೂತಾಳ ಪಾಂಡ್ಯ "ಹೇಳಲಾಗದು". ಹೊಸ ಶಾಸನ ಸಿಕ್ಕರೆ ಗುರುತು ಬದಲಾಯಿಸಿ. ಪೆನ್ಸಿಲಿನಲ್ಲಿ ಬರೆದರೆ ಒಳ್ಳೆಯದು.

ಖರ್ಚೆಷ್ಟು, ಎಲ್ಲಿ ಸಿಗುತ್ತದೆ

ಹಣದ ಖರ್ಚು ಬಹಳ ಕಡಿಮೆ. ಸಮಯ ಬೇಕು. ದಕ್ಷಿಣ ಕನ್ನಡದ ಅನೇಕ ಶಾಸನಗಳ ಪಾಠ "ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್" 7ನೇ ಸಂಪುಟದಲ್ಲಿದೆ. ತಾಳಗುಂದದ್ದು ಬಿ.ಎಲ್. ರೈಸ್ ಅವರ "ಎಪಿಗ್ರಾಫಿಯ ಕರ್ನಾಟಿಕ"ದ ಶಿವಮೊಗ್ಗ ಸಂಪುಟದಲ್ಲಿದೆ. ಎಪಿಗ್ರಫಿ ಎಂದರೆ ಶಾಸನಶಾಸ್ತ್ರ. ಹಳೆಯ ಮುದ್ರಣಗಳು ಆರ್ಕೈವ್ ಡಾಟ್ ಆರ್ಗ್ ಜಾಲತಾಣದಲ್ಲಿ ಉಚಿತ. ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದು.

ಶಾಸನ ಓದಲು ಹಳಗನ್ನಡ ಬರಬೇಕೇ? ಬಂದರೆ ಒಳ್ಳೆಯದು. ಬಾರದಿದ್ದರೆ ಮೂರು ಪುಸ್ತಕ ಹಿಡಿಯಿರಿ. ಬಿ.ಎ. ಸಾಲೆತೊರೆ 1936ರಲ್ಲಿ ಬರೆದ ತುಳುವ ಇತಿಹಾಸ, ಕೆ.ವಿ. ರಮೇಶ್ 1970ರಲ್ಲಿ ಬರೆದ ದಕ್ಷಿಣ ಕನ್ನಡದ ಇತಿಹಾಸ, ಪಿ. ಗುರುರಾಜ ಭಟ್ಟರು 1975ರಲ್ಲಿ ತಂದ ತುಳುವ ಇತಿಹಾಸ, ಸಂಸ್ಕೃತಿಯ ದೊಡ್ಡ ಗ್ರಂಥ. ಮೂರೂ ಇಂಗ್ಲಿಷಿನವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎಲ್ಲಿ ಒಪ್ಪಿಲ್ಲ ಎಂದು ನೋಡಿದರೆ ಅರ್ಧ ಕೆಲಸ ಆಗಿಹೋಗುತ್ತದೆ. ಕನ್ನಡದಲ್ಲೇ ಬೇಕೆಂದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿವೆ.

ಕೊಡಿಯಾಲ್‌ಬೈಲಿನವರಿಗೆ ದೂರ ಹೋಗುವ ತೊಂದರೆಯಿಲ್ಲ. ಪಿವಿಎಸ್ ವೃತ್ತದ ಕಡೆಯಿಂದ ಬಿಜೈಗೆ ಹೋದರೆ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕಗಳಿವೆ. ಮೊದಲೇ ಅನುಮತಿ ಕೇಳಿ ಹೋಗಿ. ಆಳವಾಗಿ ಹೋಗಬೇಕೆಂದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗವಿದೆ. ಶಾಸನಗಳ ಮಸಿಯಚ್ಚು, ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಶಾಯಿ ಹಚ್ಚಿ ತೆಗೆದ ಪ್ರತಿ, ಬೇಕೆಂದರೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಯನ್ನು ಕೇಳಬೇಕು.

ಹಳೆಯ ತೋಟ, ಬಾವಿಕಟ್ಟೆ, ದೈವಸ್ಥಾನದ ಅಂಗಳಗಳಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಬಟ್ಟೆ ಒಗೆಯುವ ಕಲ್ಲಾಗಲು ಬಿಡಬೇಡಿ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಪೈಂಟ್, ಎಣ್ಣೆ ಬಳಿಯಬೇಡಿ. ಉಳಿ, ಬ್ರಷ್ ಮುಟ್ಟಿಸಬೇಡಿ. ಸ್ಥಳ ಬಿಟ್ಟು ಕದಲಿಸಲೂ ಬೇಡಿ, ಏಕೆಂದರೆ ಎಲ್ಲಿತ್ತು ಎಂಬುದೂ ಸಾಕ್ಷಿಯೇ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಆಗ ಗೀರು ಚೆನ್ನಾಗಿ ಕಾಣುತ್ತದೆ. ಊರು, ಜಾಗದ ವಿವರ ಬರೆದು ಪುರಾತತ್ವ ಇಲಾಖೆಗೆ ಇಲ್ಲವೇ ವಿಶ್ವವಿದ್ಯಾನಿಲಯಕ್ಕೆ ಕಳಿಸಿ. "ಹೇಳಲಾಗದು" ಎಂದು ನಾವು ಬರೆದಿಟ್ಟ ಹೆಸರುಗಳು ಒಂದು ಮನೆ ಮೇಲಕ್ಕೆ ಹತ್ತುವುದು ಇಂಥ ಕಲ್ಲುಗಳಿಂದಲೇ.